ರೆಕ್ಕೆಗೆ ಉಪ್ಪುಕಾಗದ

ಸರ್ಕಾರಿ ಕಟ್ಟಡಕ್ಕೆ ಬಣ್ಣ ಹೊಡೆಸುವ ಎಸ್ಟಿಮೇಟು ಎಲ್ಲೇ ತಯಾರಾಗಲಿ, ಅದರಲ್ಲಿ ಒಂದು ಒಕ್ಕಣೆ ತಪ್ಪುವುದಿಲ್ಲ: 'ಹಳೆಯ ಮೇಲ್ಮೈಯನ್ನು ಕೆರೆದು, ಉಜ್ಜಿ, ಧೂಳು ಗುಡಿಸಿ, ಬಿರುಕು ಮುಚ್ಚಿ ಸಿದ್ಧಪಡಿಸುವುದೂ ಸೇರಿ ಎರಡು ಕೋಟು ಬಣ್ಣ.' ಎರಡು ಕೋಟಿನಲ್ಲಿ ಒಂದಾದರೂ ಗೋಡೆ ಮುಟ್ಟುತ್ತದೆ. ಕೆರೆಯುವುದು, ಉಜ್ಜುವುದು, ಗುಡಿಸುವುದು ಮಾತ್ರ ಕಾಗದ ಬಿಟ್ಟು ಕೆಳಗಿಳಿಯುವುದಿಲ್ಲ. ಕಂಟ್ರಾಕ್ಟರನ ಹುಡುಗರು ಡಬ್ಬಿ, ಬ್ರಷ್ಷು ಹಿಡಿದು ಬಂದರೆಂದರೆ ಜೇಡರ ಬಲೆ, ಹಳೇ ಚುನಾವಣೆಯ ಪೋಸ್ಟರು, ಕ್ಯಾಲೆಂಡರಿನ ಮೊಳೆ, ಮೂಲೆಯ ಹಲ್ಲಿಮೊಟ್ಟೆ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗುತ್ತಿದ್ದವು. ಎಂ.ಬಿ. ಎಂಬ ಅಳತೆ ಪುಸ್ತಕದಲ್ಲಿ ಇಂತಿಷ್ಟು ಚದರ ಮೀಟರ್ ಎಂದು ಬರೆದಾಗುತ್ತಿತ್ತು, ಬಿಲ್ಲು ಪಾಸಾಗುತ್ತಿತ್ತು, ಮುಂದಿನ ಮಳೆಗಾಲಕ್ಕೆ ಬಣ್ಣ ಹಕ್ಕಳೆ ಎದ್ದು ಉದುರುತ್ತಿತ್ತು. ಅದಕ್ಕೆ ಮತ್ತೊಂದು ಎಸ್ಟಿಮೇಟು. ಇಲಾಖೆ ಯಾವುದೆಂದು ಕೇಳಬೇಡಿ; ಪಿಂಚಣಿ ಇನ್ನೂ ಬರುತ್ತಿದೆ.

ಇಂಥ ಒಕ್ಕಣೆಗಳ ನಡುವೆಯೇ ತಲೆ ನರೆಸಿಕೊಂಡ ನನ್ನ ಕೈಗೆ, ನಿವೃತ್ತಿಯಾದ ಮೇಲೆ, ಅಮೆರಿಕದ ಓಹಾಯೋ ರಾಜ್ಯದ ಡೇಟನ್‌ನಲ್ಲಿ ಅಳಿಯಂದಿರು ಒಂದು ಹಾಳೆ ಉಪ್ಪುಕಾಗದ ಕೊಟ್ಟರು. ಉಜ್ಜಬೇಕಾಗಿದ್ದದ್ದು ಗೋಡೆಯಲ್ಲ, ಕಿಟಕಿಯಲ್ಲ, ವಿಮಾನದ ರೆಕ್ಕೆ. ಆಟಿಕೆಯ ವಿಮಾನವೂ ಅಲ್ಲ. ಇಬ್ಬರು ಪಕ್ಕಪಕ್ಕ ಕೂತು ಹಾರುವ ನಿಜವಾದ ವಿಮಾನ. ಅವರ ಮನೆಯ ಗ್ಯಾರೇಜಿನಲ್ಲಿ, ಬಟ್ಟೆ ಒಗೆಯುವ ಮಷೀನಿಗೂ ಮೊಮ್ಮಗನ ಸೈಕಲ್ಲಿಗೂ ನಡುವೆ ಅದು ವರ್ಷಗಳಿಂದ ಬೆಳೆಯುತ್ತಿತ್ತು. ಅದಕ್ಕೆ ಜಾಗ ಬಿಟ್ಟುಕೊಟ್ಟು ಕಾರುಗಳೆರಡೂ ಚಳಿಗಾಲಗಳನ್ನು ಹೊರಗೆ ಹಿಮದಲ್ಲೇ ಕಳೆದಿದ್ದವು.

ಮಗಳನ್ನು ಕೊಡುವ ಮುಂಚೆ ಹುಡುಗನಿಗೆ ಸಿಗರೇಟು ಇದೆಯೇ, ಇಸ್ಪೀಟು ಇದೆಯೇ, ಸಾಲಸೋಲ ಇದೆಯೇ ಎಂದೆಲ್ಲ ನಾಲ್ಕು ಕಡೆ ವಿಚಾರಿಸಿದ್ದೆವು. ವಿಮಾನ ಕಟ್ಟುವ ಅಭ್ಯಾಸ ಇದೆಯೇ ಎಂದು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಆ ಊರಿನಲ್ಲಿ ಇದೇನು ದೊಡ್ಡ ವಿಶೇಷವಲ್ಲವೆಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಡೇಟನ್ ರೈಟ್ ಸಹೋದರರ ಊರು. ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಅಣ್ಣತಮ್ಮಂದಿರು ಮದುವೆ ಮುಂಜಿ ಯಾವುದರ ಗೊಡವೆಯೂ ಇಲ್ಲದೆ ವಿಮಾನ ಕಟ್ಟಿ, 1903ರ ಡಿಸೆಂಬರ್ 17ರಂದು ನಾರ್ತ್ ಕೆರೊಲಿನಾದ ಮರಳ ದಂಡೆಯಲ್ಲಿ 12 ಸೆಕೆಂಡು ಹಾರಿದರು. ಅಲ್ಲಿಗೆ ಜಗತ್ತಿನ ಮೊದಲ ವಿಮಾನವೇ ಮನೆಯಲ್ಲಿ ಕಟ್ಟಿದ್ದು. ಆಮೇಲೆ ಕಂಪನಿಗಳು ಬಂದವು, ಕಾರ್ಖಾನೆಗಳು ಬಂದವು. ಆದರೂ ಗ್ಯಾರೇಜಿನವರ ಹುಚ್ಚು ಇಳಿಯಲಿಲ್ಲ. ಪಾಲ್ ಪೊಬೆರೆಜ್ನಿ ಎಂಬವರು 1953ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಇಂಥ ಹವ್ಯಾಸಿಗಳದೇ ಒಂದು ಸಂಘ ಕಟ್ಟಿದರು. 1970ರಿಂದ ಆ ಸಂಘದ ಜಾತ್ರೆ ಅದೇ ರಾಜ್ಯದ ಆಷ್‌ಕಾಷ್ ಎಂಬ ಊರಿನಲ್ಲಿ ಬೇಸಿಗೆಯಲ್ಲಿ ನಡೆಯುತ್ತದೆ. ಜನ ತಾವೇ ಕಟ್ಟಿದ ವಿಮಾನದಲ್ಲಿ ಹಾರಿಬಂದು, ಅದರ ರೆಕ್ಕೆಯ ಕೆಳಗೇ ಡೇರೆ ಹಾಕಿ ಮಲಗುತ್ತಾರೆ. ನಮ್ಮ ಅಳಿಯಂದಿರು ಒಮ್ಮೆ ಆ ಜಾತ್ರೆಗೆ ಹೋದವರು, ಬರುವಾಗ ಮನಸ್ಸಿನಲ್ಲೇ ಒಂದು ವಿಮಾನ ಕಟ್ಟಿಕೊಂಡು ಬಂದಿದ್ದರು. ಮಿಕ್ಕಿದ್ದು ಆರೆಗಾನ್ ರಾಜ್ಯದ ವ್ಯಾನ್ಸ್ ಕಂಪನಿಯಿಂದ ಮರದ ಪೆಟ್ಟಿಗೆಗಳಲ್ಲಿ ಕಂತು ಕಂತಾಗಿ ಬಂತು: ತಗಡು, ರಿವೆಟ್ಟು, ನಕಾಶೆ.

ಅಮೆರಿಕ ಸರ್ಕಾರದ ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ. ಮುಖ್ಯ ಷರತ್ತು: ವಿಮಾನದ ಹೆಚ್ಚಿನ ಭಾಗವನ್ನು ಹವ್ಯಾಸಿಗಳು ತಮ್ಮ ಕಲಿಕೆಗೋ ಮನರಂಜನೆಗೋ ಕೈಯಾರೆ ಕಟ್ಟಿರಬೇಕು. ಇದಕ್ಕೆ ಆ ಜನ '51 ಪರ್ಸೆಂಟ್ ರೂಲು' ಎನ್ನುತ್ತಾರೆ. ಹಾಗೆ ಕಟ್ಟಿದ ವಿಮಾನದ ಬಾಗಿಲ ಬಳಿ 'ಎಕ್ಸ್‌ಪೆರಿಮೆಂಟಲ್' ಎಂದು ಕಮ್ಮಿಯೆಂದರೂ ಎರಡಂಗುಲದ ಅಕ್ಷರದಲ್ಲಿ ಬರೆದಿರಬೇಕು. ಹತ್ತುವವನಿಗೆ ತಾನು ಯಾವುದರೊಳಕ್ಕೆ ಕಾಲಿಡುತ್ತಿದ್ದೇನೆಂದು ತಿಳಿದಿರಲಿ ಎಂದು. ಇದನ್ನು ವಿವರಿಸಿ ಹೇಳಿದಾಗ ನನ್ನ ಹೆಂಡತಿ, "ಬಾಗಿಲಲ್ಲೇ ಹಾಗೆ ಬರೆದ ಮೇಲೂ ಒಳಗೆ ಹೋಗಿ ಕೂರೋರು ಇದಾರೇನ್ರೀ?" ಎಂದು ಕೇಳಿದಳು.

ನಾವು ಹೋದ ಹೊತ್ತಿಗೆ ಆ ಜನ ಮುಖ್ಯವೆಂದು ಎಣಿಸುವ ಕೆಲಸವೆಲ್ಲ ಮುಗಿದಿತ್ತು. ರೆಕ್ಕೆಯೊಳಗಿನ ಪಕ್ಕೆಲುಬುಗಳನ್ನು ಜೋಡಿಸಿ, ತಗಡು ಹೊದಿಸಿ, ಸಾಲು ಸಾಲು ರಿವೆಟ್ಟು ಹೊಡೆದು ಮುಚ್ಚಿಯಾಗಿತ್ತು. ಇಡೀ ವಿಮಾನಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ರಿವೆಟ್ಟು ಬೇಕಂತೆ. ಅವುಗಳ ಸದ್ದು ಕೇಳಿ ಕೇಳಿ ಪಕ್ಕದ ಮನೆಯವರು ಮನೆ ಮಾರಿ ಹೋದರೆಂದು ಮಗಳು ಹೇಳಿದಳು. ಅಳಿಯಂದಿರು ಅದನ್ನು ಒಪ್ಪುವುದಿಲ್ಲ. ಉಳಿದಿದ್ದದ್ದು ಬಣ್ಣ. ಬಣ್ಣವೂ ಅಲ್ಲ, ಬಣ್ಣಕ್ಕೆ ಮುಂಚಿನದು.

"ಕೂಲಿ ಎಷ್ಟು ಕೊಡ್ತೀರಿ?" ಎಂದು ನಾನು ತಮಾಷೆಗೆ ಕೇಳಿದೆ.

"ಕೊಡೋ ಹಾಗಿಲ್ಲ ಮಾವ. ನೀವು ಬಂದಿರೋದು ಟೂರಿಸ್ಟ್ ವೀಸಾದಲ್ಲಿ. ಹೋಗಲಿ, ನೀವು ಮಾಡಿದ್ದು ಅಂತ ಪುಸ್ತಕದಲ್ಲಾದರೂ ಬರೆಯೋಣ ಅಂದರೆ ವಿಮಾನದವರ ಪಟ್ಟಿಯಲ್ಲಿ ಈ ಕೆಲಸ ಇಲ್ಲ. ಬಣ್ಣ, ಸೀಟಿನ ಹೊಲಿಗೆ ಇವೆಲ್ಲ ಆ 51 ಪರ್ಸೆಂಟಿಗೆ ಸೇರಲ್ಲ. ಯಾರು ಮಾಡಿದರೂ ಅವರು ಕೇಳಲ್ಲ."

ಒಂದು ಸರ್ಕಾರದ ಎರಡು ಇಲಾಖೆಗಳು. ಒಂದು, ಈ ಕೆಲಸಕ್ಕೆ ಕಾಸು ತೆಗೆದುಕೊಳ್ಳಬೇಡ ಎನ್ನುತ್ತದೆ. ಇನ್ನೊಂದು, ಇದು ಕೆಲಸವೇ ಅಲ್ಲ ಎನ್ನುತ್ತದೆ. ಅಳಿಯಂದಿರ ಹತ್ತಿರ ದಪ್ಪನೆಯ ದಿನಚರಿ ಪುಸ್ತಕವಿತ್ತು: ಯಾವ ದಿನ ಯಾವ ಭಾಗ, ಎಷ್ಟು ಗಂಟೆ, ಜೊತೆಗೊಂದು ಫೋಟೋ. ತಪಾಸಣೆಗೆ ಬರುವವರಿಗೆ ತೋರಿಸಬೇಕಾದ ದಾಖಲೆ. ತಾರೀಕು, ಪ್ರಮಾಣ, ಷರಾ ಎಲ್ಲ ಇದ್ದ ಅದನ್ನು ನೋಡಿ ನನಗೆ ನಮ್ಮ ಎಂ.ಬಿ.ಯ ನೆನಪಾಯಿತು. ನನ್ನ ಸರ್ವೀಸಿನುದ್ದಕ್ಕೂ ಮೇಲ್ಮೈ ಸಿದ್ಧಪಡಿಸುವುದನ್ನು ಮಾಡದೆಯೇ ಬರೆದವರನ್ನು ಕಂಡಿದ್ದೆ. ಈಗ ಮಾಡಬೇಕು, ಬರೆಯುವಂತಿಲ್ಲ. ಲೆಕ್ಕ ಎಲ್ಲೋ ಒಂದು ಕಡೆ ಸರಿಹೋಗಬೇಕಲ್ಲ, ಅದು ನನ್ನ ತಲೆಯ ಮೇಲೆ ಬಂದಿತ್ತು.

ಕೆಲಸ ಶುರುವಾದದ್ದು ರೆಕ್ಕೆಯ ತುದಿಗಳಿಂದ. ರೆಕ್ಕೆ ಅಲ್ಯೂಮಿನಿಯಮ್ಮಿನದಾದರೂ ಅದರ ತುದಿಯ ಟೋಪಿ ಫೈಬರ್‌ಗ್ಲಾಸಿನದು. ನೋಡಲು ನುಣ್ಣಗಿತ್ತು. "ಇದಕ್ಕೇನು ಮಾಡೋದಿದೆ?" ಎಂದೆ. ಅಳಿಯಂದಿರು ಗ್ಯಾರೇಜಿನ ದೀಪ ಆರಿಸಿ, ಒಂದು ಬ್ಯಾಟರಿಯನ್ನು ಅದರ ಮೈಗೆ ತಾಗಿಸಿ ಅಡ್ಡಡ್ಡಲಾಗಿ ಬೆಳಕು ಬಿಟ್ಟರು. ನುಣುಪೆಲ್ಲ ಮಾಯವಾಗಿ ಗುಂಡಿ, ದಿಣ್ಣೆ, ಗೀರು ಎದ್ದು ಬಂದವು; ಅವುಗಳ ನಡುವೆ ಸೂಜಿಮೊನೆಯಷ್ಟು ತೂತುಗಳು ಲೆಕ್ಕವಿಲ್ಲದಷ್ಟು. ರಾಳ ಒಣಗುವಾಗ ಗಾಳಿಯ ಗುಳ್ಳೆ ಸಿಕ್ಕಿಕೊಂಡು ಆದ ಈ ಪಿನ್‌ಹೋಲುಗಳು ಮನೆಯಲ್ಲಿ ವಿಮಾನ ಕಟ್ಟುವವರ ಪೂರ್ವಜನ್ಮದ ವೈರಿಗಳು. ಬಣ್ಣ ಅವುಗಳನ್ನು ಮುಚ್ಚುವುದಿಲ್ಲ. ಹೊಳೆಯುವ ಬಣ್ಣ ಬಿದ್ದ ಮೇಲೆ ಒಂದೊಂದೂ ಎದ್ದು ಕಾಣುತ್ತದೆ. ನಮ್ಮ ಕಂಟ್ರಾಕ್ಟರುಗಳಿಗೆ ಗೊತ್ತಿದ್ದದ್ದು ಇದರ ಉಲ್ಟಾ ಸಿದ್ಧಾಂತ.

ಎಪಾಕ್ಸಿ ರಾಳಕ್ಕೆ ಹಿಟ್ಟಿಗಿಂತ ಹಗುರವಾದ ಗಾಜಿನ ಪುಡಿ ಬೆರೆಸಿದರೆ ಒಂದು ಬಗೆಯ ಪುಟ್ಟಿಯಾಗುತ್ತದೆ. ಆ ಪುಡಿ ಗಾಜಿನ ಅತಿ ಸಣ್ಣ ಟೊಳ್ಳು ಗುಂಡುಗಳು, ಉಸಿರು ಬಿಟ್ಟರೆ ಹಾರಿಹೋಗುತ್ತವೆ. ಪುಟ್ಟಿಯನ್ನು ಅವಧಿ ಮುಗಿದ ಬ್ಯಾಂಕ್ ಕಾರ್ಡಿನಿಂದ ಒತ್ತಿ ಒತ್ತಿ ತೂತಿಗೆ ತುಂಬಬೇಕು, ಒಣಗಲು ಬಿಡಬೇಕು, ಮರದ ತುಂಡಿಗೆ ಉಪ್ಪುಕಾಗದ ಸುತ್ತಿಕೊಂಡು ಉಜ್ಜಬೇಕು. ಮೊದಲು 80 ನಂಬರಿನ ಒರಟು ಕಾಗದ, ಆಮೇಲೆ 120, 220, 320. ಉಜ್ಜಿದ್ದು ಸಮವಾಗಿದೆಯೇ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೊಂದು ಉಪಾಯ: ಕಪ್ಪು ಬಣ್ಣವನ್ನು ಮಂಜಿನಷ್ಟು ತೆಳ್ಳಗೆ ಉಗಿದು ಮತ್ತೆ ಉಜ್ಜುವುದು. ಉಬ್ಬಿದ ಕಡೆ ಕಪ್ಪು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಎಲ್ಲ ಕಪ್ಪೂ ಒಂದೇ ಸಲಕ್ಕೆ ಹೋಯಿತೆಂದರೆ ಮೈ ಸಮವಾಯಿತೆಂದು ಅರ್ಥ. ಹಾಗೆ ಆಗುವುದಿಲ್ಲ. ಮತ್ತೆ ಪುಟ್ಟಿ, ಮತ್ತೆ ಕಾಗದ. ಕೊನೆಗೊಂದು ದಿನ ಇಬ್ಬರಿಗೂ ತೃಪ್ತಿಯಾಗಿ ಬಿಳಿ ಪ್ರೈಮರ್ ಹೊಡೆದರೆ, ಇಷ್ಟು ದಿನ ಎಲ್ಲಿ ಅಡಗಿದ್ದವೋ, ಹೊಸ ಪಿನ್‌ಹೋಲುಗಳು ಮೇಲೆದ್ದು ಬಂದು ನಮ್ಮನ್ನೇ ನೋಡುತ್ತವೆ.

ಈ ಕೆಲಸದಲ್ಲಿ ನಮ್ಮಿಬ್ಬರ ಸಂಬಂಧ ನಿಧಾನವಾಗಿ ತಲೆಕೆಳಗಾಯಿತು. ಮದುವೆಯಾದಂದಿನಿಂದ ನಮ್ಮ ನಡುವೆ 'ಊಟ ಆಯ್ತಾ', 'ಅಲ್ಲಿ ಮಳೆ ಹೇಗಿದೆ' ಎಂಬ ಎರಡು ವಿಷಯಗಳ ಆಚೆಗೆ ಮಾತು ಬೆಳೆದಿರಲಿಲ್ಲ. ಈಗ ಅವರು ಇಂಜಿನಿಯರು, ನಾನು ಕೆಲಸಗಾರ. "ಮಾವ, ಇಲ್ಲಿ ಸ್ವಲ್ಪ ನೋಡಿ" ಎಂದು ಬ್ಯಾಟರಿ ಬಿಡುತ್ತಿದ್ದರು. ಬಹುವಚನಕ್ಕೆ ಚ್ಯುತಿ ಇಲ್ಲ, ಆದರೆ ಅರ್ಥ 'ಇನ್ನೊಂದು ಸಲ ಉಜ್ಜು' ಎಂದೇ. ನಾನು ಉಜ್ಜುತ್ತಿದ್ದೆ. ಸೈಟಿನಲ್ಲಿ ನಾನು ಕೆಲಸ ನೋಡುತ್ತಿದ್ದ ಕಾಲದಲ್ಲಿ ಮೇಸ್ತ್ರಿಗಳು ನನ್ನ ಬೆನ್ನ ಹಿಂದೆ ಗೊಣಗುತ್ತಿದ್ದ ಮಾತುಗಳು ಒಂದೊಂದಾಗಿ ನೆನಪಾಗಿ, ಅವುಗಳ ಭಾವಾರ್ಥ ಆಗ ಪೂರ್ತಿ ತಿಳಿಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿಗೆ ಇದೆಲ್ಲಕ್ಕಿಂತ ದೊಡ್ಡ ಆಶ್ಚರ್ಯ ಕಾದಿತ್ತು. ತುದಿಗಳು ಮುಗಿದು ಲೋಹದ ರೆಕ್ಕೆಗೆ ಬಂದಾಗ ಉಪ್ಪುಕಾಗದ ಕೆಳಗಿಟ್ಟು ಸ್ಕಾಚ್‌ಬ್ರೈಟ್ ಹಿಡಿಯಬೇಕಾಯಿತು. ಅಡುಗೆಮನೆಯ ಹಸಿರಿನದಲ್ಲ, ಕಂದುಗೆಂಪಿನದು. ಜಾತಿ ಮಾತ್ರ ಒಂದೇ. ವಿಮಾನದ ತಗಡು ಬರೀ ಅಲ್ಯೂಮಿನಿಯಂ ಅಲ್ಲ. ಗಟ್ಟಿಯಾದ ಮಿಶ್ರಲೋಹದ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಮ್ಮಿನ ಅತಿ ತೆಳುವಾದ ಹೊದಿಕೆ ಇರುತ್ತದೆ. ತುಕ್ಕು ತಡೆಯುವುದು ಅದೇ. ಒರಟು ಕಾಗದ ಹಾಕಿದರೆ ಆ ಹೊದಿಕೆ ಹರಿದುಹೋಗುತ್ತದೆ, ಆಳವಾದ ಗೀರು ಬಿದ್ದರೆ ಮುಂದೊಂದು ದಿನ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಉಕ್ಕಿನ ನಾರಂತೂ ಮುಟ್ಟಿಸುವಂತಿಲ್ಲ. ಅದರ ಚೂರುಗಳು ತಗಡಿನಲ್ಲಿ ಕಚ್ಚಿಕೊಂಡು ತುಕ್ಕಿಗೆ ದಾರಿ ಮಾಡುತ್ತವೆ. ಹಾಗಾಗಿ ಹೊಳಪು ಹೋಗಿ ಮಬ್ಬು ಬರುವಷ್ಟು ಮಾತ್ರ, ಸಮನಾಗಿ, ರಿವೆಟ್ಟುಗಳ ಸುತ್ತ ಬೆರಳು ಸುತ್ತಿಸಿ ಉಜ್ಜಬೇಕು. ಬಣ್ಣ ಕಚ್ಚಲು ಆಸರೆ ಬೇಕಲ್ಲ, ಅದಕ್ಕೆ.

"ಮನೇಲಿ ಒಂದು ದಿನ ಒಂದು ಲೋಟ ತೊಳೆದವರಲ್ಲ. ಇಲ್ಲಿ ಬಂದು ಹನ್ನೆರಡಡಿ ಉದ್ದದ ಪಾತ್ರೆ ಉಜ್ತಿದಾರೆ" ಎಂದು ಅವಳು ಹಾಸನಕ್ಕೆ ಫೋನ್ ಮಾಡಿ ತಂಗಿಗೆ ಹೇಳುತ್ತಿದ್ದದ್ದು ಗ್ಯಾರೇಜಿಗೂ ಕೇಳಿಸುತ್ತಿತ್ತು.

ಅವಳ ಮನಸ್ಸು ತಿರುಗಿದ್ದು ಒಂದು ಶನಿವಾರ. ಅಳಿಯಂದಿರ ಸಂಘದವರು ಸೇರುವ ಸಣ್ಣ ವಿಮಾನ ನಿಲ್ದಾಣಕ್ಕೆ ನಮ್ಮನ್ನೂ ಕರೆದುಕೊಂಡು ಹೋಗಿದ್ದರು. ಅಲ್ಲೊಂದು ಹ್ಯಾಂಗರಿನಲ್ಲಿ, ನಮಗಿಂತ ಹಿರಿಯರೊಬ್ಬರು ರೆಕ್ಕೆಗೆ ಇಸ್ತ್ರಿ ಮಾಡುತ್ತಿದ್ದರು. ನಮ್ಮ ಮನೆಗಳಲ್ಲಿರುವಂಥದೇ ಇಸ್ತ್ರಿಪೆಟ್ಟಿಗೆ. ಮರದ ಚೌಕಟ್ಟಿಗೆ ಪಾಲಿಯೆಸ್ಟರ್ ಬಟ್ಟೆ ಹೊದಿಸಿದ ಹಳೇ ಮಾದರಿಯ ರೆಕ್ಕೆ ಅದು. ಉಷ್ಣಮಾಪಕ ಇಟ್ಟು ನೋಡಿಕೊಂಡು 350 ಡಿಗ್ರಿ ಫ್ಯಾರನ್‌ಹೀಟಿನ ತನಕ ಹಂತಹಂತವಾಗಿ ಶಾಖ ಕೊಟ್ಟರೆ ಬಟ್ಟೆ ಕುಗ್ಗಿ ಬಿಗಿಯುತ್ತದೆ; ಅದಕ್ಕೂ ಮೀರಿದರೆ ಸಡಿಲವಾಗುತ್ತದೆ. ಆಮೇಲೆ ಉದ್ದನೆಯ ಸೂಜಿಯಲ್ಲಿ ಮೇಣದ ದಾರ ಪೋಣಿಸಿ, ಮೇಲಿನಿಂದ ಕೆಳಕ್ಕೆ ಚುಚ್ಚಿ, ಬಟ್ಟೆಯನ್ನು ಒಳಗಿನ ಪಕ್ಕೆಲುಬಿಗೆ ಹೊಲಿಯುತ್ತಾರೆ. ಬಣ್ಣಕ್ಕೆ ಮುಂಚೆ ಬೆಳ್ಳಿ ಬಣ್ಣದ ಲೇಪ. ಬಿಸಿಲಿಗೆ ಬಟ್ಟೆ ಹಾಳಾಗದಿರಲಿ ಎಂದು ಅದರಲ್ಲಿ ಅಲ್ಯೂಮಿನಿಯಂ ಪುಡಿ ಇರುತ್ತದೆ. ರೈಟ್ ಸಹೋದರರ ಮೊದಲ ವಿಮಾನಕ್ಕೆ ಈ ಸೇವೆ ಯಾವುದೂ ಇರಲಿಲ್ಲ. ಪೇಟೆಯಲ್ಲಿ ಸಿಗುತ್ತಿದ್ದ ಮಸ್ಲಿನ್ ಬಟ್ಟೆಯನ್ನು ಹೊಲಿಗೆ ಮಷೀನಿನಲ್ಲಿ ಹೊಲಿದು, ಮೇಲೆ ಏನೂ ಬಳಿಯದೆ ಹಾರಿಸಿದ್ದರು. ನನ್ನ ಹೆಂಡತಿ ಆ ಹಿರಿಯರ ಹೊಲಿಗೆಯನ್ನು ಹತ್ತಿರದಿಂದ ನೋಡಿ, ಗಂಟು ಸರಿಯಾಗಿದೆ ಎಂದು ತಲೆಯಾಡಿಸಿದಳು. ಭಾಷೆ ಬರದ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಅಂದಿನಿಂದ ವಿಮಾನ ಅವಳ ಲೆಕ್ಕದಲ್ಲಿ ಮನೆಗೆಲಸದ ಸಾಲಿಗೆ ಸೇರಿ, ಗೌರವ ಪಡೆಯಿತು.

ಪಕ್ಕದ ಹ್ಯಾಂಗರಿನಲ್ಲಿ ಇನ್ನೊಬ್ಬರಿದ್ದರು. ಬರ್ಟ್ ರುಟಾನ್ ಎಂಬ ವಿಮಾನಶಿಲ್ಪಿಯ ಲಾಂಗ್-ಈಜಿ ಅವರ ವಿಮಾನ. ಫೋಮನ್ನು ಕಾದ ತಂತಿಯಿಂದ ಕೊಯ್ದು, ಮೇಲೆ ಗಾಜಿನ ಬಟ್ಟೆ, ರಾಳ ಹೊದಿಸಿ ಮಾಡಿದ್ದು. ಅದರ ಮೈಯೆಲ್ಲ ನಮ್ಮ ರೆಕ್ಕೆತುದಿಯ ಜಾತಿ. ಅಂದರೆ ಇಡೀ ವಿಮಾನವನ್ನೇ ಪುಟ್ಟಿ ಹಾಕಿ ಉಜ್ಜಬೇಕು. ಅವರ ಭುಜಗಳನ್ನು ನೋಡಿದರೆ ಅದು ನಿಜವೆನಿಸುತ್ತಿತ್ತು. ಇಂಥ ವಿಮಾನಗಳಿಗೆ ಬಣ್ಣದ ಆಯ್ಕೆಯ ತಲೆನೋವಿಲ್ಲ: ಬಿಸಿಲಿಗೆ ಕಾದು ರಾಳ ಮೆತ್ತಗಾಗಬಾರದೆಂದು ಬಹುತೇಕ ಎಲ್ಲವೂ ಬಿಳಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್.ಎ.ಎಲ್. ಎಂಬತ್ತರ ದಶಕದಲ್ಲಿ ಇದೇ ವಿನ್ಯಾಸವನ್ನು ಆಧರಿಸಿ ಒಂದು ಸಂಶೋಧನಾ ವಿಮಾನ ಕಟ್ಟಿ ಹಾರಿಸಿದ್ದು, ಆಮೇಲೆ 1993ರಲ್ಲಿ ಕಾಂಪೊಸಿಟ್‌ನದೇ ಆದ 'ಹಂಸ' ಹಾರಿದ್ದು ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಅವರು ಎದ್ದು ನಿಂತು ಕೈ ಕುಲುಕಿದರು, ಆ ವಿಮಾನವನ್ನು ಉಜ್ಜಿದವನು ನಾನೇ ಎಂಬಂತೆ. ಬೆಂಗಳೂರಿನಲ್ಲಿ ಅದನ್ನು ಯಾರೋ ಉಜ್ಜಿರಬೇಕಲ್ಲ. ಅವರ ಪರವಾಗಿ ಕುಲುಕಿಸಿಕೊಂಡೆ.

ಇಷ್ಟೆಲ್ಲ ಪಾಡು ಪಟ್ಟು ಬಣ್ಣ ಯಾಕೆ ಬಳಿಯಬೇಕು ಎಂದು ಒಂದು ಮಧ್ಯಾಹ್ನ ಕೇಳಿದೆ. ಬೆಳ್ಳಗೆ ಹೊಳೆಯುವ ತಗಡು ನೋಡಲು ಚೆನ್ನಾಗಿಯೇ ಇದೆ; ಅಮೆರಿಕನ್ ಏರ್‌ಲೈನ್ಸ್‌ನವರೂ 2013ರ ತನಕ ದೊಡ್ಡ ದೊಡ್ಡ ವಿಮಾನಗಳನ್ನು ಹಾಗೇ ಹಾರಿಸುತ್ತಿದ್ದರಂತೆ. ಅಳಿಯಂದಿರೂ ಅದನ್ನು ಯೋಚಿಸಿದ್ದರು. ಬಣ್ಣಕ್ಕೆ ತೂಕವಿದೆ. ಇಷ್ಟು ಚಿಕ್ಕ ವಿಮಾನದಲ್ಲಿ ಬಣ್ಣವೇ ಸುಮಾರು ಹತ್ತು ಕಿಲೋ ಆಗಬಹುದು. ಹಿಂಬದಿಯಲ್ಲಿ ಕೀಲಿನ ಮೇಲೆ ಆಡುವ ಐಲೆರಾನುಗಳಿಗಂತೂ ಬಣ್ಣ ಹೊಡೆದ ಮೇಲೆ ಸಮತೋಲ ಮತ್ತೆ ನೋಡಬೇಕು. ಕೀಲಿನ ಹಿಂದೆ ಭಾರ ಹೆಚ್ಚಾದರೆ ವೇಗದಲ್ಲಿ ಪಟಪಟನೆ ಬಡಿದುಕೊಂಡು ಕ್ಷಣಗಳಲ್ಲೇ ರೆಕ್ಕೆಯನ್ನು ಮುರಿದುಹಾಕಬಲ್ಲವು. ಆದರೆ ಬರಿಯ ತಗಡನ್ನು ಬಿಟ್ಟರೆ ಜೀವಮಾನವಿಡೀ ತಿಕ್ಕುತ್ತಿರಬೇಕು. "ಬಣ್ಣ ಹೊಡೆದರೆ ಒಂದೇ ಸಲ ಉಜ್ಜೋದು ಮಾವ" ಎಂದರು. ತೂಕದ ವಿಷಯ ಕೇಳಿ ನನಗೆ ನಮ್ಮ ಹಳೇ ಕಂಟ್ರಾಕ್ಟರೊಬ್ಬನನ್ನು ಶಿಫಾರಸು ಮಾಡಬೇಕೆನಿಸಿತು. ಅವನು ಬಳಿದ ಬಣ್ಣದಿಂದ ಯಾವ ವಿಮಾನದ ತೂಕವೂ ಹೆಚ್ಚುತ್ತಿರಲಿಲ್ಲ. ಅದರಲ್ಲಿ ಮುಕ್ಕಾಲು ಪಾಲು ನೀರು, ಸಂಜೆಯೊಳಗೆ ಆವಿ.

ಲೋಹದ ಮೇಲೆ ಪ್ರೈಮರ್ ನಿಲ್ಲಬೇಕಾದರೆ ಮೈಯಲ್ಲಿ ಎಣ್ಣೆಯ ಪಸೆ ಇರಬಾರದು. ಇದ್ದರೆ ಅಲ್ಲಿ ಬಣ್ಣ ಸರಿದು ಗುಂಡನೆಯ ಕುಳಿ ಬೀಳುತ್ತದೆ. ಅದಕ್ಕೇ ಗ್ಯಾರೇಜಿನಲ್ಲಿ ಮಡಿ ಜಾರಿಯಾಯಿತು. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಗ್ಲೌಸು ಹಾಕಬೇಕು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡವರು ಗೆರೆ ದಾಟುವಂತಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗ ನಡುವಿನ ಬಾಗಿಲು ಮುಚ್ಚಿರಬೇಕು. ತಗಡಿಗೆ ಹಚ್ಚುವ ರಾಸಾಯನಿಕದ ವಿಚಾರದಲ್ಲಿ ಮಗಳದು ಬೇರೆಯೇ ಕಾನೂನು. ಹಳೇ ಪದ್ಧತಿಯ ಕ್ರೋಮಿಯಂ ಲೇಪ ತಗಡಿಗೆ ಬಂಗಾರದ ಛಾಯೆ ಕೊಡುತ್ತದೆ, ಉಸಿರಿಗೆ ಹೋದರೆ ಕ್ಯಾನ್ಸರ್ ಕೊಡುತ್ತದೆ. ಇದೇ ಕ್ರೋಮಿಯಂ ವಿಷದ ಕಥೆಯ 'ಎರಿನ್ ಬ್ರೊಕೊವಿಚ್' ಸಿನಿಮಾ ನೋಡಿದ್ದ ಅವಳು ಆ ಡಬ್ಬಿ ಮನೆಯೊಳಗೆ ಬಂದರೆ ತಾನು ಹೊರಗೆ ಎಂದಿದ್ದಳು. ಕ್ರೋಮಿಯಂ ಇಲ್ಲದ ಲೇಪ ಬಂತು.

ಫಾಸ್ಫಾರಿಕ್ ಆಮ್ಲದಲ್ಲಿ ತೊಳೆದಾದ ಮೇಲೆ ಪರೀಕ್ಷೆ. ಇದಕ್ಕೆ ಯಂತ್ರ ಬೇಡ, ಒಳ್ಳೆಯ ನೀರು ಸಾಕು. ಎಡ ರೆಕ್ಕೆಯನ್ನು ಮನೆಯ ಮುಂದಿನ ಇಳಿಜಾರಿಗೆ ತಂದು ಓರೆಯಾಗಿ ನಿಲ್ಲಿಸಿ ಮೇಲಿನಿಂದ ನೀರು ಬಿಟ್ಟೆವು. ಮೈ ಶುದ್ಧವಾಗಿದ್ದರೆ ನೀರು ಒಂದೇ ಹಾಳೆಯಾಗಿ, ಎಲ್ಲೂ ಒಡೆಯದೆ ಇಳಿಯಬೇಕು. ಪಸೆ ಇದ್ದಲ್ಲಿ ಕೆಸುವಿನೆಲೆಯ ಮೇಲಿನ ಹಾಗೆ ಹನಿಗಟ್ಟಿ ಜಾರುತ್ತದೆ. ನೀರು ಇಳಿಯಿತು, ಚೆನ್ನಾಗಿಯೇ ಇಳಿಯಿತು. ರೆಕ್ಕೆಯ ಹಿಂತುದಿಯ ಹತ್ತಿರ ಬಂದಾಗ ಮಾತ್ರ ಒಂದು ಜಾಗವನ್ನು ಬಳಸಿಕೊಂಡು ಹೋಯಿತು. ಅಳಿಯಂದಿರು ಬಗ್ಗಿದರು, ನಾನೂ ಬಗ್ಗಿದೆ. ನೀರಿನ ಹಾಳೆಯ ನಡುವೆ, ಒಣಗಿದ ತಗಡಿನ ಮೇಲೆ, ಐದು ಬೆರಳು ಅಗಲಿಸಿದ ಪುಟ್ಟ ಹಸ್ತವೊಂದು ಸ್ಪಷ್ಟವಾಗಿತ್ತು. ಕಿರುಬೆರಳೂ ಸಹ.

ವಿಚಾರಣೆ ನಡೆಯಿತು. "ತಾತ, ನಾನು ಬರೀ ನೋಡಿದೆ" ಎಂದ ಮೊಮ್ಮಗ. ಅವನ ಇನ್ನೊಂದು ಕೈಯಲ್ಲಿ ಅಜ್ಜಿ ಕೊಟ್ಟ ಚಕ್ಕುಲಿ ಇತ್ತು. ಅಳಿಯಂದಿರು ಒಂದು ಫೋಟೋ ತೆಗೆದುಕೊಂಡು, ಮತ್ತೆ ಸ್ಕಾಚ್‌ಬ್ರೈಟ್ ಕೈಗಿತ್ತರು.

ಬಲ ರೆಕ್ಕೆಯದು ಬೇರೆ ಕಥೆ. ತಗಡಿನ ಮೇಲೆ ಗುರುತು ಹಾಕಲು ಪೆನ್ಸಿಲ್ ಬಳಸುವಂತಿಲ್ಲ. ಅದರ ಗ್ರಾಫೈಟ್ ಅಲ್ಯೂಮಿನಿಯಂ ತುಕ್ಕು ಹಿಡಿಯಲು ಕಾರಣವಾಗುತ್ತದೆ. ಹಾಗಾಗಿ ಎಲ್ಲರೂ ಶಾರ್ಪಿ ಪೆನ್ನು ಹಿಡಿಯುತ್ತಾರೆ. ಕಟ್ಟುವಾಗ ಬರೆದ ಬರಹಗಳು ರೆಕ್ಕೆಯ ತುಂಬ ಹಾಗೇ ಇದ್ದವು: ಬಾಣದ ಗುರುತು, ಅಳತೆ, 'ಇಲ್ಲಿ ತೂತು ಬೇಡ', 'ಹಾಲು, ಡಯಾಪರ್'. ಈ ಶಾಯಿ ಉಳಿದರೆ ಪ್ರೈಮರನ್ನೂ ಬಣ್ಣವನ್ನೂ ದಾಟಿ ಮೇಲಕ್ಕೆ ಒಸರುತ್ತದೆ. ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಎಲ್ಲವನ್ನೂ ಒರೆಸುತ್ತ ಬಂದೆ. ಕೆಳಮೈಯ ಒಂದು ಮೂಲೆಯಲ್ಲಿ, ಉಳಿದ ಇಂಗ್ಲಿಷ್ ಬರಹಗಳ ನಡುವೆ, ಅವಸರದ ಕನ್ನಡದಲ್ಲಿ ಎರಡು ಸಾಲು ಇತ್ತು: 'ಚಿಕಾಗೋ 6.20. ದೆಹಲಿ. ಬೆಂಗಳೂರು ರಾತ್ರಿ. ತಮ್ಮ ಕಾರು ತರ್ತಾನೆ.'

ಅರಸೀಕೆರೆಯಲ್ಲಿ ನಮ್ಮ ಬೀಗರು ತೀರಿಕೊಂಡ ದಿನ ಫೋನ್ ಮಾಡಿದವನು ನಾನು. ಆ ಕಡೆಯಿಂದ ಸ್ವಲ್ಪ ಹೊತ್ತು ರಿವೆಟ್ ಗನ್ನಿನ ಕಂಪ್ರೆಸರ್ ಸದ್ದು ಮಾತ್ರ ಕೇಳಿಸಿತ್ತು. ಕೈಗೆ ಕಾಗದ ಸಿಗದೆ ಟಿಕೆಟಿನ ವಿವರವನ್ನು ರೆಕ್ಕೆಯ ಮೇಲೇ ಬರೆದುಕೊಂಡಿದ್ದಾರೆ. ಬೀಗರಿಗೆ ಮಗನ ಈ ವಿಮಾನದ ಮೇಲೆ ಕೊನೆಯವರೆಗೂ ಮುನಿಸು. ಎರಡೆಕರೆ ತೆಂಗಿನ ತೋಟ ನೋಡಿಕೊಳ್ಳುವುದು ಬಿಟ್ಟು ತಗಡು ಬಡಿಯುತ್ತಾನೆ ಎಂದು ನನ್ನ ಹತ್ತಿರವೇ ಹೇಳುತ್ತಿದ್ದರು.

"ಇದನ್ನೂ ಒರೆಸಲಾ?" ಎಂದೆ.

ಅವರು ಬಂದು ನೋಡಿದರು. "ಒರೆಸಿ ಮಾವ. ಬಿಟ್ಟರೆ ಬಣ್ಣದ ಮೇಲೆ ಎದ್ದು ಬರುತ್ತೆ." ಆಮೇಲೆ ಸ್ವಲ್ಪ ತಡೆದು, "ಒಳಗೆ ಅಪ್ಪನ ಹೆಸರು ಬರೆದಿದೀನಿ. ರೆಕ್ಕೆ ಮುಚ್ಚೋ ಮುಂಚೆ ಎಲ್ಲರೂ ಒಳಗೆ ಹೆಸರು ಬರೀತಾರೆ. ತುದಿಯ ಟೋಪಿ ಸ್ಕ್ರೂ ಬಿಚ್ಚಿದರೆ ಬರುತ್ತೆ, ಬೇಕಾದರೆ ನಿಮ್ಮ ಹೆಸರೂ ಬರೆಯೋಣ" ಎಂದರು.

"ಬೇಡ ಬಿಡಿ, ಆಡಿಟ್‌ನವರು ಕೇಳಿದರೆ ಕಷ್ಟ" ಎಂದೆ. ಇಬ್ಬರೂ ನಕ್ಕೆವು. ಒರೆಸಿದೆ, ಶಾಯಿ ಒಂದೇ ಸಲಕ್ಕೆ ಹೋಗಲಿಲ್ಲ. ಮಾರನೆಯ ದಿನ ಟೋಪಿ ಬಿಚ್ಚಿ, ಮತ್ತೆ ಕೂರಿಸುವ ಮುಂಚೆ ಅಳಿಯಂದಿರು ಪೆನ್ನು ಹಿಡಿದು ರೆಕ್ಕೆಯೊಳಕ್ಕೆ ತಲೆ ತೂರಿಸಿದ್ದನ್ನು ನೋಡಿಯೂ ನೋಡದವನ ಹಾಗೆ ಚಹಾ ಕುಡಿದೆ.

ವೀಸಾದ ಆರು ತಿಂಗಳು ಮುಗಿಯುವ ಹೊತ್ತಿಗೆ ಪ್ರೈಮರ್ ಬಿದ್ದಿತ್ತು. ಮೇಲಿನ ಬಣ್ಣದ ಹೊಗೆ ಮನೆಯಲ್ಲಿ ಸಂಭಾಳಿಸುವಂಥದಲ್ಲ. ಅದಕ್ಕೆ ಬೇರೆ ಷಾಪು, ಹೊರಗಿನಿಂದ ಗಾಳಿ ಬರುವ ಮುಖವಾಡ ತೊಟ್ಟ ಬೇರೆ ಜನ. ನಾವು ಹಾಸನಕ್ಕೆ ಬಂದ ಮೇಲೆ ಫೋಟೋ ಬಂತು. ಬಿಳಿಯ ಮೇಲೆ ಕಡುನೀಲಿ ಪಟ್ಟೆ, ಮೊಮ್ಮಗನ ಒತ್ತಾಯಕ್ಕೆ ಬಾಲದಲ್ಲಿ ಒಂದಿಷ್ಟು ಕಿತ್ತಳೆ. ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ 'ಕಲರ್ ಸೂಪರ್', 'ಬ್ಲೂ ಚೆನ್ನಾಗಿದೆ' ಎಂದು ಸಾಲು ಸಾಲು ಹೆಬ್ಬೆರಳು. ನಾನು ಎಡ ರೆಕ್ಕೆಯ ತುದಿಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಪಿನ್‌ಹೋಲು ಇರಲಿಲ್ಲ. ಏನೂ ಇರಲಿಲ್ಲ. ಚೆನ್ನಾಗಿ ಉಜ್ಜಿದ್ದಕ್ಕೆ ಇರುವ ಪುರಾವೆ ಅಷ್ಟೇ: ಕಣ್ಣಿಗೆ ಏನೂ ಕಾಣದಿರುವುದು. ಇದನ್ನು ಯಾವ ಎಂ.ಬಿ.ಯಲ್ಲಿ ಯಾವ ಕಾಲಮ್ಮಿನಲ್ಲಿ ಬರೆಯಬಹುದೆಂದು ಸುಮ್ಮನೆ ಯೋಚಿಸಿದೆ. ಜಾಗ ಸಿಗಲಿಲ್ಲ. ಹಾಗೆ ಜಾಗ ಸಿಗದ ಕೆಲಸಗಳಲ್ಲಿ ಹೆಚ್ಚಿನವನ್ನು ಜೀವಮಾನವಿಡೀ ನಮ್ಮ ಮನೆಯಲ್ಲಿ ಮಾಡಿದವಳು ಪಕ್ಕದಲ್ಲೇ ಕೂತು ಕನ್ನಡಕ ಹುಡುಕುತ್ತಿದ್ದಳು.

ಈಗ ಪರೀಕ್ಷಾ ಹಾರಾಟದ ಗಂಟೆಗಳು ನಡೆಯುತ್ತಿವೆ. ಅವು ಮುಗಿಯುವ ತನಕ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಆಮೇಲೆ ಪಕ್ಕದ ಸೀಟಿಗೆ ನೀವೇ ಮೊದಲು ಎಂದು ಅಳಿಯಂದಿರು ಹೇಳಿದ್ದಾರೆ. "ನೀವೇ ಉಜ್ಜಿದ ರೆಕ್ಕೆ, ಹೆದರಿಕೆ ಯಾಕೆ ಮಾವ?" ಎಂದು ಕೇಳುತ್ತಾರೆ. ನಾನು ಉಜ್ಜಿದ್ದು ಎಂಬುದೇ ಹೆಂಡತಿಗಿರುವ ಹೆದರಿಕೆ. ಆದರೂ ಟಿಕೆಟ್ ನೋಡುತ್ತಿದ್ದೇವೆ. ಇಳಿದ ಕೂಡಲೇ ಇಮಿಗ್ರೇಷನ್ ಕೌಂಟರಿನಲ್ಲಿ ಯಾಕೆ ಬಂದಿರಿ, ಹೋದ ಸಲ ಬಂದಾಗ ಏನು ಮಾಡಿದಿರಿ ಎಂದು ಕೇಳುತ್ತಾರೆ. ಮಗಳು ಈಗಲೇ ತಾಕೀತು ಮಾಡಿದ್ದಾಳೆ: "ಅಪ್ಪಾ, ಸುಮ್ಮನೆ ಮನೇಲಿದ್ದೆ, ಊಟ ಮಾಡಿದೆ, ಮೊಮ್ಮಗನ್ನ ಆಡಿಸಿದೆ ಅಂತಷ್ಟೇ ಹೇಳಿ. ಉಜ್ಜೋದು ಗಿಜ್ಜೋದು ಏನೂ ಬಾಯಿ ಬಿಡಬೇಡಿ." ಸರಿ ಎಂದಿದ್ದೇನೆ. ಮಾಡದ್ದನ್ನು ಮಾಡಿದೆವೆಂದು ಹೇಳುವವರ ನಡುವೆ ಸರ್ವೀಸು ಮುಗಿಸಿದವನು, ಮಾಡಿದ್ದನ್ನು ಮಾಡಿಲ್ಲವೆಂದು ಹೇಳುವುದನ್ನು ಈ ವಯಸ್ಸಿನಲ್ಲಿ ಹೊಸದಾಗಿ ಅಭ್ಯಾಸ ಮಾಡುತ್ತಿದ್ದೇನೆ.